ತುಟಿಯ ಮೇಲಿನ ಅಗುಳು

ಆ ಊರಿಗೆ ಒಂದು ಹೆಸರಿತ್ತು. ಆದರೆ ಅದನ್ನು ಯಾರೂ ಡಂಗುರ ಹೊಡೆದು ಸಾರಿರಲಿಲ್ಲವಾದ್ದರಿಂದ ಹೆಸರಿಲ್ಲವೆಂದೇ ಲೆಕ್ಕ.

ಊರಿನ ಕಟ್ಟಳೆ ಅಂಥದ್ದು. ಸಾರಿದ್ದು ನಡೆದದ್ದು, ಸಾರದೆ ಇದ್ದದ್ದು ನಡೆದಿಲ್ಲ. ಕಣ್ಣೆದುರಿಗೇ ಮರ ಬಿದ್ದು ದಾರಿ ಮುಚ್ಚಿದರೂ ಡಂಗುರದವನು ಬಂದು ಹೇಳುವ ತನಕ ಜನ ಅದನ್ನು ಬಳಸಿಕೊಂಡು ಹೋಗುತ್ತಿದ್ದರೇ ಹೊರತು ಬಿದ್ದಿದೆ ಎನ್ನುತ್ತಿರಲಿಲ್ಲ. ತಾಳಿ ಕಟ್ಟಿದ ಗಂಡು, ಕಟ್ಟಿಸಿಕೊಂಡ ಹೆಣ್ಣು, ಡಂಗುರವಾಗುವ ತನಕ ಗುರುತಿಲ್ಲದವರ ಹಾಗೆ ಆಚೆ ಈಚೆ ನೋಡುತ್ತಾ ಕೂತಿರುತ್ತಿದ್ದರು. ಮನೆಯಲ್ಲಿ ಯಾರಾದರೂ ಸತ್ತರೆ, ಡಂಗುರವಾಗುವ ತನಕ ಮಧ್ಯಾಹ್ನ ಅವರ ತಟ್ಟೆಗೆ ಅನ್ನ ಬಡಿಸಲೇಬೇಕು. ಡಂಗುರವಾದ ಮೇಲೆ ಆ ತಟ್ಟೆಯನ್ನು ಹೊಸ್ತಿಲಿನಾಚೆ ಬೋರಲು ಹಾಕಿ, ಆಮೇಲೆ ಅಳಬಹುದು. ಅದಕ್ಕೆ ಮೊದಲೇ ಯಾರಾದರೂ ಕಣ್ಣೊರೆಸಿಕೊಂಡರೆ, ಕಣ್ಣಿಗೆ ಒಲೆಯ ಹೊಗೆ ಹೋಗಿರಬೇಕು ಎಂದು ಅಕ್ಕಪಕ್ಕದವರು ಮುಖ ತಿರುಗಿಸುತ್ತಿದ್ದರು.

ಡಂಗುರದವನ ಅಪ್ಪನೂ ಡಂಗುರದವನೇ, ಅವನ ಅಪ್ಪನೂ ಅದೇ. ಬೆಳಗಾಗುತ್ತಲೇ ತಮಟೆ ಹೆಗಲಿಗೆ ಹಾಕಿಕೊಂಡು ಅರಮನೆಯ ಅಡುಗೆಮನೆಗೆ ಹೋಗಬೇಕು. ಅಲ್ಲಿ ಅಡುಗೆಯವಳು ಬಿಸಿ ಅನ್ನದ ಒಂದು ತುತ್ತನ್ನು ಅವನ ಬಾಯಿಗಿಡುತ್ತಾಳೆ. ಅವನು ನುಂಗುತ್ತಾನೆ. ಆಗ ಕಾರಭಾರಿ ಕಂಬಕ್ಕೊರಗಿ ನಿಂತು ಅವತ್ತಿನ ಮಾತು ಹೇಳುತ್ತಾನೆ. ಹೊರಡುವಾಗ ಅಡುಗೆಯವಳು ಒಂದು ಅಗುಳನ್ನು ಆರಿಸಿ ಅವನ ಕೆಳತುಟಿಯ ಮೇಲೆ ಅಂಟಿಸುತ್ತಾಳೆ. ಸಾರಿ ಮುಗಿಯುವ ತನಕ ಅದನ್ನು ಅವನು ಒರೆಸುವಂತಿಲ್ಲ. ಬೀದಿಯಲ್ಲಿ ತಮಟೆ ಕೇಳಿದೊಡನೆ ಜನ ಹೊರಗೆ ಬಂದು ಮೊದಲು ಅಗುಳು ನೋಡುತ್ತಾರೆ, ಆಮೇಲೆ ಕಿವಿಗೊಡುತ್ತಾರೆ. ಅಗುಳಿದ್ದರೆ ಅದು ಸುದ್ದಿ, ಇಲ್ಲದಿದ್ದರೆ ಬರೀ ಒಬ್ಬ ಮನುಷ್ಯ ಮಾತಾಡುತ್ತಿದ್ದಾನೆ ಅಷ್ಟೆ.

ಅರಮನೆಯ ಅಕ್ಕಿ ಎಲ್ಲಿಂದ ಬರುತ್ತದೆ ಎಂದು ಯಾರೂ ಕೇಳುತ್ತಿರಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಅಮಾವಾಸ್ಯೆ ಬಂದರೆ ಪ್ರತಿ ಮನೆಯವರೂ ಒಂದು ಹಿಡಿ ಅಕ್ಕಿ ತಂದು ಅರಮನೆ ಬಾಗಿಲಿನ ನೆಲದೊಳಗಿದ್ದ ಹಗೇವಿಗೆ ಸುರಿದು ಹೋಗುತ್ತಿದ್ದರು. ಒಳಗೆ ಬಿದ್ದ ಮೇಲೆ ಅದು ಅರಮನೆಯ ಅಕ್ಕಿ.

ಸಾಹುಕಾರರು ತಮಗೂ ಒಬ್ಬ ಡಂಗುರದವನು ಇರಲಿ ಎಂದು ಒಬ್ಬನನ್ನು ಇಟ್ಟುಕೊಂಡಿದ್ದರು. ಅವನ ತುಟಿಗೆ ಬೆಲ್ಲ ಸವರುತ್ತಿದ್ದರು. ಅವನು ಬಾಯಿ ತೆರೆದರೆ ನೊಣ, ಮುಚ್ಚಿದರೆ ನೊಣ. ಮಾತಿನ ಮಧ್ಯೆ ಸಾಹುಕಾರರ ಎಣ್ಣೆ, ಸೀಗೆಪುಡಿಗಳ ಗುಣಗಾನವೂ ಬರುತ್ತಿತ್ತು. ಹೊತ್ತು ಹೋಗದವರು ನಿಂತು ಕೇಳಿ, ನಕ್ಕು, ಹೋಗುತ್ತಿದ್ದರು. "ಏನೇ ಆಗಲಿ, ನಮ್ಮ ಅಗುಳಿನವನು ಸೀಗೆಪುಡಿ ಮಾರಲ್ಲ ಬಿಡಿ" ಎಂದು ಹಿರಿಯರು ಹೇಳುತ್ತಿದ್ದರು. ಈ ಮಾತು ಕಿವಿಗೆ ಬಿದ್ದಾಗಲೆಲ್ಲ ಡಂಗುರದವನಿಗೆ ಒಳಗೊಳಗೇ ಖುಷಿಯಾಗುತ್ತಿತ್ತು.

ಖುಷಿಪಡಲು ಕಾರಣವೂ ಇತ್ತು. ಹೊಳೆ ಏರುತ್ತಿದೆ ಎಂದು ಅವನು ಸಾರಿದ್ದಕ್ಕೇ ಕೆಳಗಿನ ಬೀದಿಯವರು ಮಕ್ಕಳುಮರಿ ಕಟ್ಟಿಕೊಂಡು ದಿಬ್ಬ ಹತ್ತಿ ಬದುಕಿದ್ದರು. ಜ್ವರ ಬಂದ ವರ್ಷ ಯಾವ ಸೊಪ್ಪಿನ ಕಷಾಯ ಕುಡಿಯಬೇಕು, ಯಾವ ಮನೆಗೆ ಹೋಗಬಾರದು ಎಂದು ಗಂಟಲು ಕಟ್ಟುವ ತನಕ ಸಾರಿದ್ದ. ಅವನು ಹೇಳಿದ ಹೊತ್ತಿಗೆ ತೂಬು ತೆರೆಯುತ್ತಿತ್ತು, ಅವನು ಹೇಳಿದ ದಿನ ಗ್ರಹಣ ಹಿಡಿಯುತ್ತಿತ್ತು. ಸುಳ್ಳು ಸಾರಿದ ಬಾಯಲ್ಲ ನನ್ನದು ಎಂದು ಅವನು ನಂಬಿದ್ದ. ಸಾರದೆ ಬಿಟ್ಟದ್ದರ ಲೆಕ್ಕವನ್ನು ಅವನು ಇಟ್ಟಿರಲಿಲ್ಲ, ಯಾರೂ ಇಟ್ಟಿರಲಿಲ್ಲ.

ಒಂದು ಮಧ್ಯಾಹ್ನ ಸೇತುವೆ ಬಿತ್ತು.

ಅರಮನೆ ಹೊಸದಾಗಿ ಕಟ್ಟಿಸಿದ ಸೇತುವೆ ಅದು. ಆಚೆ ದಡದ ಸಂತೆ ಮುಗಿಸಿಕೊಂಡು ಜನ ಬುಟ್ಟಿ ಹೊತ್ತು ವಾಪಸು ಬರುತ್ತಿದ್ದರು. ಡಂಗುರದವನು ಈಚೆ ದಡದ ಕಲ್ಲಿನ ಮೇಲೆ ಕೂತು ತಮಟೆಯ ಚರ್ಮ ಕಾಯಿಸುತ್ತಿದ್ದ. ನಡುವಿನ ಕಂಬ ಮೊಣಕಾಲೂರಿದ ಹಾಗೆ ಕಂಡಿತು. ದೊಡ್ಡ ಸದ್ದೇನೂ ಆಗಲಿಲ್ಲ. ಬುಟ್ಟಿಗಳು ತೇಲಿದವು, ಹೊತ್ತವರು ತೇಲಲಿಲ್ಲ. ದಡದಲ್ಲಿದ್ದವರೆಲ್ಲ ನೋಡಿದರು. ನೋಡಿ, ಒಬ್ಬರ ಮುಖ ಒಬ್ಬರು ನೋಡದೆ, ಮನೆಗೆ ಹೋದರು. ಅವನೂ ಹೋದ.

ಮರುದಿನ ತುತ್ತು ನುಂಗಿದ ಮೇಲೆ ಕಾರಭಾರಿ ಕಂಬಕ್ಕೊರಗಿ ಹೇಳಿದ, "ಹುರುಳಿ ಬೆಲೆ ಇಳಿದಿದೆ. ತೂಬು ಸಂಜೆಗೆ ತೆರೆಯುತ್ತೆ. ಸೇತುವೆ ಗಟ್ಟಿಯಾಗಿದೆ."

"ಸ್ವಾಮಿ, ಸೇತುವೆ..."

"ಸೇತುವೆ ಏನು?"

"ನಾನು ಅಲ್ಲೇ ದಡದಲ್ಲಿ ಕೂತಿದ್ದೆ ಬುದ್ಧಿ."

"ಕೂತಿದ್ದೆಯಾ?" ಕಾರಭಾರಿ ಬೇಸರವಿಲ್ಲದೆ, ಸಿಟ್ಟಿಲ್ಲದೆ ಕೇಳಿದ. "ನೀನು ಅಲ್ಲಿ ಕೂತಿದ್ದೆ ಅಂತ ಯಾರೂ ಸಾರಿದ ಹಾಗಿಲ್ಲವಲ್ಲ."

ಅಡುಗೆಯವಳು ಅಗುಳು ಅಂಟಿಸಿದಳು. ಅವನು ಬೀದಿಗೆ ಬಂದು ತಮಟೆ ಬಡಿದ. ಹುರುಳಿ ಬೆಲೆ ಇಳಿದಿದೆ. ತೂಬು ಸಂಜೆಗೆ ತೆರೆಯುತ್ತೆ. ಸೇತುವೆ ಗಟ್ಟಿಯಾಗಿದೆ. ಜನ ಅಗುಳು ನೋಡಿದರು, ಕಿವಿಗೊಟ್ಟರು, ತಲೆಯಾಡಿಸಿದರು. ಹುರುಳಿ ಬೆಲೆ ನಿಜವಾಗಿಯೂ ಇಳಿದಿತ್ತು. ಸಂಜೆಗೆ ತೂಬೂ ತೆರೆಯಿತು.

ಆಮೇಲೆ ಊರಿನವರು ದಿನಾ ಬುಟ್ಟಿ ಹೊತ್ತು ಹೊಳೆಗೆ ಹೋಗತೊಡಗಿದರು. ಸೇತುವೆ ಮುರಿದ ಅಂಚಿನವರೆಗೆ ನಡೆದು, ಅಲ್ಲಿ ಸ್ವಲ್ಪ ಹೊತ್ತು ನೀರು ನೋಡುತ್ತಾ ನಿಂತು, ಹಿಂದಿರುಗಿ ಬರುತ್ತಿದ್ದರು. ಎದುರು ಸಿಕ್ಕವರು ಕೇಳುತ್ತಿದ್ದರು, "ದಾಟಿ ಬಂದಿರಾ?" "ಹೂಂ, ದಾಟಿ ಬಂದ್ವಿ." "ಸಂತೆ ಹೇಗಿತ್ತು?" "ಚೆನ್ನಾಗಿತ್ತು." ಬುಟ್ಟಿ ಖಾಲಿ ಇರುತ್ತಿತ್ತು. ಅದನ್ನು ತಲೆಯಿಂದ ಇಳಿಸುವಾಗ ಭಾರವಿದ್ದಂತೆ ಉಸ್ಸೆನ್ನುತ್ತಿದ್ದರು.

ಹಗ್ಗ ಹೊಸೆಯುವ ಒಬ್ಬ ಮುದುಕಿ ಇದ್ದಳು. ಎಲ್ಲರೂ ಅವಳನ್ನು ಹಗ್ಗದವ್ವ ಎನ್ನುತ್ತಿದ್ದರು. ಅವಳು ಹೊಸೆದ ಹಗ್ಗವನ್ನು ಅವಳ ಒಬ್ಬನೇ ಮಗ ಆಚೆ ದಡದಲ್ಲಿ ಮಾರಿ ಬರುತ್ತಿದ್ದ. ಅವತ್ತೂ ಹೋಗಿದ್ದ. ಕೆಳಗಿನ ಮಡುವಿನಲ್ಲಿ ಅವನ ರುಮಾಲು ಸಿಕ್ಕಿತ್ತು. ಅದನ್ನು ಅವಳು ಹಿಂಡಿ, ಒಣಗಿಸಿ, ಮಡಿಸಿಟ್ಟಿದ್ದಳು. ಮಧ್ಯಾಹ್ನವಾದರೆ ಮಗನ ತಟ್ಟೆ ಇಟ್ಟು ಅನ್ನ ಬಡಿಸಿ ಎದುರಿಗೆ ಕೂರುತ್ತಿದ್ದಳು. ಅನ್ನ ಆರುವ ತನಕ ಕೂತಿದ್ದು, ಎತ್ತಿ ಹಸುವಿಗೆ ಹಾಕುತ್ತಿದ್ದಳು.

ಒಂದು ದಿನ ಡಂಗುರದವನು ಅವಳ ಬೀದಿಯಲ್ಲಿ ಸಾರಿ ಮುಗಿಸಿ ತುಟಿ ಒರೆಸಿಕೊಂಡದ್ದನ್ನು ನೋಡಿ ಅವಳು ಕರೆದಳು. "ಬಾಪ್ಪ ಇಲ್ಲಿ. ಒಂದು ಮಾತು ಕೇಳ್ತೀನಿ, ಬೇಜಾರು ಮಾಡಿಕೋಬೇಡ."

"ಕೇಳವ್ವ."

"ನನ್ನ ಮಗ ಹೋದ ಅಂತ ಒಂದು ಸಲ ಸಾರಿಬಿಡು."

ಅವನು ತಮಟೆಯ ಕಡ್ಡಿಯನ್ನು ಬೆರಳಲ್ಲಿ ತಿರುಗಿಸುತ್ತಾ ನಿಂತ. "ಹೋಗಿದ್ದಾನೆ ಅವ್ವ. ನಾನೇ ಕಣ್ಣಾರೆ ನೋಡಿದೆ" ಎಂದ ತಗ್ಗಿದ ದನಿಯಲ್ಲಿ.

"ಅದು ನನಗೆ ಗೊತ್ತಿಲ್ಲವಾ? ಗೊತ್ತಿದ್ದು ಏನು ಮಾಡಲಿ? ಅಳೋಕೆ ಆಗ್ತಿಲ್ಲ ಕಣಪ್ಪ. ಅತ್ತರೆ ಪಕ್ಕದ ಮನೆಯವಳು ಬಂದು ಒಲೆಗೆ ಹಸಿ ಸೌದೆ ಹಾಕಬೇಡ ಅಂತಾಳೆ. ದಿನಾ ಬಡಿಸಬೇಕು, ದಿನಾ ಎತ್ತಬೇಕು. ಆ ತಟ್ಟೆ ಬೋರಲು ಹಾಕಿ ಒಂದೇ ಒಂದು ಸಲ ಬಾಯಿ ಬಿಟ್ಟು ಅತ್ತುಬಿಡ್ತೀನಿ. ಅಷ್ಟು ಮಾಡಿಕೊಡು."

ಅವನಿಗೆ ಎದೆಯಲ್ಲಿ ನೋವಾಯಿತು. ಬಹಳ ದಿನದ ಮೇಲೆ ಆದ ನೋವು. ಆಮೇಲೆ ಅದೂ ಜೋಮು ಹಿಡಿದ ಕಾಲಿನ ಹಾಗೆ ತನ್ನದಲ್ಲವೆನ್ನಿಸಿತು. ನೋಡೋಣವ್ವ ಎಂದು ಹೊರಟ.

ಮನೆಗೆ ಹೋಗಿ ಯೋಚಿಸಿದ. ಇದೆಲ್ಲ ಆ ತುತ್ತಿನದೇ ಕೆಲಸ ಅಂದುಕೊಂಡ. ಅರಮನೆಯ ಅನ್ನ ಒಳಗೆ ಹೋಗುವುದರಿಂದಲೇ ಅರಮನೆಯ ಮಾತು ಹೊರಗೆ ಬರುತ್ತಿದೆ. ಅನ್ನ ಬಿಟ್ಟರೆ ಬಾಯಿ ತನ್ನದಾಗುತ್ತದೆ, ಬಾಯಿ ತನ್ನದಾದರೆ ಜನ ತನ್ನನ್ನು ನಂಬುತ್ತಾರೆ. ಇಷ್ಟು ವರ್ಷ ಊರವರು ನಂಬಿದ್ದು ತನ್ನನ್ನೇ ತಾನೇ? ಪಾಪ, ಅವನು ನಿಜವಾಗಿಯೂ ಹಾಗೇ ತಿಳಿದಿದ್ದ.

ಮರುದಿನ ತುತ್ತನ್ನು ನುಂಗದೆ ದವಡೆಯಲ್ಲಿಟ್ಟುಕೊಂಡು ಹೊರಗೆ ಬಂದ. ತುಟಿಯ ಅಗುಳನ್ನೂ ತೆಗೆದು, ಎರಡನ್ನೂ ಪಾಗಾರದ ಗೋಡೆಯ ಮೇಲಿದ್ದ ಕಾಗೆಗೆ ಹಾಕಿದ. ಬೀದಿಯಲ್ಲಿ ನಿಂತು ತಮಟೆ ಬಡಿದು, ಕೇಳಿರಪ್ಪೋ ಕೇಳಿ, ಸೇತುವೆ ಬಿದ್ದಿದೆ, ಅದರ ಮೇಲಿದ್ದವರು ಹೋಗಿದ್ದಾರೆ ಎಂದು ಸಾರಿದ. ದನಿ ನಡುಗಿತು. ಜನ ಹೊರಗೆ ಬಂದು ಅವನ ತುಟಿ ನೋಡಿದರು. ತುಟಿ ಖಾಲಿ.

"ಪಾಪ, ಇವತ್ತು ಉಂಡಿಲ್ಲ ಅಂತ ಕಾಣುತ್ತೆ" ಎಂದಳೊಬ್ಬಳು. ಇನ್ನೊಬ್ಬಳು ಒಳಗಿನಿಂದ ಮಜ್ಜಿಗೆ ತಂದುಕೊಟ್ಟಳು. ಕುಡಿಯಪ್ಪ, ಖಾಲಿ ಹೊಟ್ಟೆಯಲ್ಲಿ ಬಿಸಿಲಿಗೆ ನಿಂತರೆ ಏನೇನೋ ಕಾಣುತ್ತೆ, ಅಂದಳು. ಅವನು ಮಜ್ಜಿಗೆ ಕುಡಿದ. ಪಾಗಾರದ ಕಾಗೆಯ ಕೊಕ್ಕಿನಲ್ಲಿ ಅಗುಳು ಅಂಟಿತ್ತಾದ್ದರಿಂದ ಅದು ಕೂಗಿದ್ದನ್ನೇ ಕೆಲವರು ನಿಂತು ಕೇಳಿದರಂತೆ.

ಹಗ್ಗದವ್ವನ ಮನೆ ಮುಂದೆ ಹೋದರೆ ತಟ್ಟೆ ಒಳಗೇ ಇತ್ತು, ಅನ್ನ ಬಡಿಸಿತ್ತು. ಅವಳು ತಲೆ ಎತ್ತಿ, "ಕೇಳಿಸಿತು ಕಣಪ್ಪ. ಏನು ಮಾಡ್ತೀಯ, ತುಟಿ ಖಾಲಿ ಇತ್ತಲ್ಲ" ಅಂದಳು.

ಆ ಸಂಜೆ ಅವನು ನಿಧಾನವಾಗಿ ಒಂದು ವಿಷಯ ಅರ್ಥಮಾಡಿಕೊಂಡ. ಉಣ್ಣದೆ ಹೇಳಿದರೆ ಯಾರೂ ನಂಬುವುದಿಲ್ಲ. ಉಂಡು ಹೇಳಲು ಅರಮನೆ ಬಿಡುವುದಿಲ್ಲ. ಹಾಗಾದರೆ ಉಂಡು, ಅರಮನೆ ಬಿಡದಿದ್ದದ್ದನ್ನು ಹೇಳಿದರೆ ಏನಾಗುತ್ತದೆ? ತಲೆ ಹೋಗಬಹುದು. ಹೋದರೆ ಹೋಗಲಿ ಅನ್ನುವಷ್ಟು ಧೈರ್ಯವೇನೂ ಅವನಿಗಿರಲಿಲ್ಲ. ಆದರೆ ಭಯಪಡುವುದಕ್ಕೂ ಒಂದು ಚುರುಕು ಬೇಕು, ಅದೂ ಅವನಲ್ಲಿ ಉಳಿದಿರಲಿಲ್ಲ.

ಮರುದಿನ ತುತ್ತು ನುಂಗಿದ. ಕಾರಭಾರಿ ಹೇಳಿದ್ದನ್ನು ಕೇಳಿಸಿಕೊಂಡ. ಅಡುಗೆಯವಳು ಅಂಟಿಸಿದ ಅಗುಳನ್ನು ಜೋಪಾನವಾಗಿ ಹೊತ್ತುಕೊಂಡು ಬೀದಿಗೆ ಬಂದ. ತಮಟೆ ಬಡಿದ. ಸೇತುವೆ ಬಿದ್ದಿದೆ ಎಂದ. ಅದರ ಮೇಲಿದ್ದವರು ಹೋಗಿದ್ದಾರೆ ಎಂದ. ದನಿ ನಡುಗಲಿಲ್ಲ, ಹುರುಳಿ ಬೆಲೆ ಹೇಳುವ ದನಿಯಲ್ಲೇ ಹೇಳಿದ.

ಜನ ಅಗುಳು ನೋಡಿದರು, ಆಮೇಲೆ ಕಿವಿಗೊಟ್ಟರು. ಆಮೇಲೆ ಬುಟ್ಟಿಗಳನ್ನು ಕೆಳಗಿಟ್ಟರು. ಖಾಲಿ ಬುಟ್ಟಿಯೊಳಗೆ ಇಣುಕಿ, ಇದು ಖಾಲಿ ಎಂದರು. ಒಂದು ಮನೆಯ ಹೊಸ್ತಿಲಾಚೆ ತಟ್ಟೆಯೊಂದು ಬೋರಲು ಬಿತ್ತು, ಅದರ ಪಕ್ಕದ ಮನೆಯಲ್ಲಿ ಇನ್ನೊಂದು. ಬೀದಿ ಉದ್ದಕ್ಕೂ ತಟ್ಟೆ ಬೀಳುವ ಸದ್ದು. ಎಷ್ಟೊಂದು ಮನೆಗಳಲ್ಲಿ ಇಷ್ಟು ದಿನ ಅನ್ನ ಆರುತ್ತಿತ್ತು ಎಂಬುದು ಡಂಗುರದವನಿಗೂ ಆಗಲೇ ಗೊತ್ತಾದದ್ದು. ಹಗ್ಗದವ್ವ ರುಮಾಲನ್ನು ಮುಖಕ್ಕೊತ್ತಿಕೊಂಡು ಹೊಸ್ತಿಲ ಮೇಲೆ ಕುಸಿದು, ಬಾಯಿ ಬಿಟ್ಟು ಅತ್ತಳು. ಪಕ್ಕದ ಮನೆಯವಳು ಬಂದು ಅವಳ ಬೆನ್ನು ನೇವರಿಸಿದಳು. ಹೊಗೆಯ ಮಾತು ಆಡಲಿಲ್ಲ.

ಅವತ್ತು ಅವನು ಮನೆಗೆ ಹೋಗಿ ಬಾಗಿಲು ತೆರೆದಿಟ್ಟೇ ಕೂತ. ಯಾರಾದರೂ ಬಂದು ಎಳೆದುಕೊಂಡು ಹೋಗುತ್ತಾರೆ ಎಂದುಕೊಂಡಿದ್ದ. ಯಾರೂ ಬರಲಿಲ್ಲ.

ಬೆಳಿಗ್ಗೆ ಕಾಲು ಅಭ್ಯಾಸದಿಂದ ಅರಮನೆಯ ಕಡೆಗೇ ನಡೆಯಿತು. ಅಡುಗೆಮನೆಯಲ್ಲಿ ಅವನಿಗೆ ಮಣೆ ಹಾಕಿತ್ತು. ತುತ್ತಿಗೆ ತುಪ್ಪ ಬಿದ್ದಿತ್ತು. ಕಾರಭಾರಿ ಕಂಬ ಬಿಟ್ಟು ಬಂದು ಅವನ ಎದುರಿಗೆ ಕೂತ.

"ಒಳ್ಳೆ ಕೆಲಸ ಮಾಡಿದೆ ಕಣಯ್ಯ" ಎಂದ. "ಈಚೆಗೆ ಕೆಲವರು ಅಗುಳು ನೋಡಿ ಮುಸಿಮುಸಿ ನಗೋಕೆ ಶುರು ಮಾಡಿದ್ದರು. ನನಗೂ ಅದೇ ಯೋಚನೆಯಾಗಿತ್ತು. ನಿನ್ನೆ ನೀನು ಅರಮನೆ ಅನ್ನ ಉಂಡು ಅರಮನೆ ಸೇತುವೆ ಬಿತ್ತು ಅಂದೆ. ಇನ್ನು ಈ ಬಾಯಿ ಏನು ಹೇಳಿದರೂ ಊರು ನಂಬುತ್ತೆ. ನಿಮ್ಮಪ್ಪನ ಕೈಲೂ ಇದು ಆಗಿರಲಿಲ್ಲ."

ಡಂಗುರದವನು ತುತ್ತಿನ ಕಡೆ ನೋಡಿದ. ತುಪ್ಪದ ಘಮ ಮೂಗಿಗೆ ಬಡಿಯಿತು, ಹಸಿವಾಯಿತು. ಹಸಿವಾದದ್ದಕ್ಕೆ ಅವನಿಗೆ ನಾಚಿಕೆಯಾಯಿತು.

"ಇವತ್ತು ಎರಡು ಮಾತು ಇದೆ. ಮೇಲಿನ ಬೀದಿ ಬಾವಿ ನೀರು ಕೆಟ್ಟಿದೆ, ಯಾರೂ ಮುಟ್ಟಬಾರದು. ಇದು ನಿಜವೇ, ಬೇಕಾದರೆ ಬಗ್ಗಿ ನೋಡಿಕೊಂಡು ಬಾ, ಇಲಿ ಸತ್ತು ತೇಲ್ತಿವೆ. ಇನ್ನೊಂದು, ಸೇತುವೆ ನಿಂತಿದೆ, ಹೋದವರು ದಾಟಿ ಬಂದಿದ್ದಾರೆ."

"ಒಂದನ್ನು ಮಾತ್ರ ಸಾರುತ್ತೀನಿ ಬುದ್ಧಿ."

"ಒಂದು ತುತ್ತಿಗೆ ಎರಡೂ ಬರುತ್ತವೆ. ಬೇಡವೆಂದರೆ ತುತ್ತು ಬೇಡ, ಎದ್ದು ಹೋಗು. ಖಾಲಿ ತುಟಿಯಲ್ಲಿ ಬಾವಿ ನೀರು ಕೆಟ್ಟಿದೆ ಅಂತ ಹೇಳು. ಮಜ್ಜಿಗೆ ಕೊಡ್ತಾರೆ ನಿನಗೆ. ಅವರು ಮಾತ್ರ ಆ ನೀರನ್ನೇ ಕುಡೀತಾರೆ."

ಡಂಗುರದವನು ಮೇಲಿನ ಬೀದಿಯ ಮಕ್ಕಳನ್ನು ನೆನೆದ. ಹಗ್ಗದವ್ವನ ಬೋರಲು ತಟ್ಟೆಯನ್ನು ನೆನೆದ. ಬದುಕಿರುವವರದೊಂದು ಕಡೆ, ಸತ್ತವನದೊಂದು ಕಡೆ. ಯೋಚಿಸಿದರೆ ಇದರಲ್ಲಿ ಯೋಚಿಸುವಂಥದ್ದೇನಿದೆ ಎನ್ನಿಸಿತು. ಬಾಯಿ ತೆರೆದ. ಅಡುಗೆಯವಳು ತುತ್ತಿಟ್ಟಳು.

ಬಾವಿ ನೀರು ಕೆಟ್ಟಿದೆ, ಯಾರೂ ಮುಟ್ಟಬೇಡಿ. ಸೇತುವೆ ನಿಂತಿದೆ, ಹೋದವರು ದಾಟಿ ಬಂದಿದ್ದಾರೆ. ಬೀದಿ ಬೀದಿಯಲ್ಲೂ ಇದನ್ನೇ ಸಾರಿದ. ಜನ ಅಗುಳು ನೋಡಿದರು, ಕಿವಿಗೊಟ್ಟರು. ಮೇಲಿನ ಬೀದಿಯವರು ಬಾವಿಗೆ ಮುಳ್ಳು ಹಾಕಿ ಮುಚ್ಚಿದರು. ಅವತ್ತು ಯಾರೊಬ್ಬರಿಗೂ ಏನೂ ಆಗಲಿಲ್ಲ. ಬೇರೆ ಬೀದಿಗಳಲ್ಲಿ ಅಳುತ್ತಿದ್ದವರು ಅರ್ಧಕ್ಕೇ ನಿಲ್ಲಿಸಿ, ಮೂಗೊರೆಸಿಕೊಂಡು, ಹೊಗೆ ಜಾಸ್ತಿಯಾಯಿತು ಎನ್ನುತ್ತಾ ಎದ್ದರು. ಬುಟ್ಟಿಗಳನ್ನು ತಲೆಗೆ ಏರಿಸಿಕೊಂಡರು. ನಿನ್ನೆ ಹೀಗಂದೆಯಲ್ಲ ಎಂದು ಅವನನ್ನು ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಹಗ್ಗದವ್ವನ ಬೀದಿಯನ್ನು ಕೊನೆಗೆ ಉಳಿಸಿಕೊಂಡಿದ್ದ. ಅಲ್ಲಿಗೆ ಬರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಸಾರಿ, ತುಟಿ ಒರೆಸಿಕೊಂಡು, ಬೇಗ ಹೊರಟುಬಿಡೋಣವೆಂದು ತಿರುಗಿದ. ಅವಳು ಬಾಗಿಲಿಗೆ ಬಂದು ನಿಂತಿದ್ದಳು.

"ಬಂದೆಯಾ? ಕೈಕಾಲು ತೊಳೆದುಕೋ."

"ಅವ್ವ, ನಾನು..."

"ಕೇಳಿಸಿತು ಕಣಪ್ಪ. ಮಗ ದಾಟಿ ಬಂದಿದ್ದಾನೆ ಅಂದೆ. ಬಡಿಸಿದೀನಿ. ಉಣ್ಣೋಕೆ ಯಾರಾದರೂ ಬೇಕಲ್ಲ, ಬಾ."

ಅವಳ ದನಿಯಲ್ಲಿ ಚುಚ್ಚುಮಾತಿನ ಕೊಂಕಿರಲಿಲ್ಲ. ಇದ್ದಿದ್ದರೆ ಅವನು ಏನಾದರೂ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಒಳಗೆ ಹೋಗಿ ಮಗನ ಮಣೆಯ ಮೇಲೆ ಕೂತ. ತಟ್ಟೆಯ ಅಂಚಿನಲ್ಲಿ ಬೋರಲು ಬಿದ್ದಾಗ ಆದ ನೆಗ್ಗು ಇತ್ತು. ಅನ್ನ, ಸೊಪ್ಪಿನ ಸಾರು. ಅವನು ಕಲಸಿ ಬಾಯಿಗಿಟ್ಟುಕೊಂಡ. ಅವಳು ಎದುರಿಗೆ ಕೂತು, ಅವನು ಉಣ್ಣುವುದನ್ನೇ ನೋಡುತ್ತಿದ್ದಳು.

"ಅನ್ನ ಅರಮನೆಯ ಅನ್ನದ ಹಾಗೇ ಇದೆಯಲ್ಲವ್ವ" ಎಂದ. ಏನಾದರೂ ಮಾತಾಡಬೇಕಿತ್ತು, ಅದಕ್ಕೆಂದ.

"ಹಾಗೇ ಇರೋದೇನು, ಅದೇ ಇದು. ಅಮಾವಾಸ್ಯೆಗೊಂದು ಹಿಡಿ ಅಲ್ಲಿಗೆ ಹಾಕ್ತೀನಲ್ಲ, ಅದೇ ಮಡಕೆಯ ಅಕ್ಕಿ. ಬೆಳಿಗ್ಗೆ ನೀನು ಉಣ್ಣೋದೂ ನಮ್ಮದೇ ಕಣಪ್ಪ. ಬಡಿಸೋ ಕೈ ಬೇರೆ, ಅಷ್ಟೇಯ."

ಅವನ ಕೈ ತಟ್ಟೆಯಲ್ಲೇ ನಿಂತಿತು. ಆಮೇಲೆ ಮತ್ತೆ ಉಂಡ. ತಟ್ಟೆ ಖಾಲಿ ಮಾಡಿದ. ಕೈ ತೊಳೆದು, ತಮಟೆ ಹೆಗಲಿಗೇರಿಸಿ, ಅವನು ಹೊರಗೆ ಬಂದ.

ಎದುರುಮನೆಯವನು ಅವನ ಮುಖ ನೋಡಿ ನಿಂತ. ಬುಟ್ಟಿ ಹೊತ್ತು ಹೊಳೆಗೆ ಹೊರಟಿದ್ದ ಹೆಂಗಸರು ನಿಂತರು. ಪಕ್ಕದ ಮನೆಯವಳು ಹೊಸೆಯುತ್ತಿದ್ದ ಬತ್ತಿ ಬಿಟ್ಟು ಹೊರಗೆ ಬಂದಳು. ಬೀದಿಗೆ ಬೀದಿಯೇ ಸುಮ್ಮನಾಗಿ ಅವನತ್ತ ತಿರುಗಿತು. ಅವನಿಗೆ ಮೊದಲು ತಿಳಿಯಲಿಲ್ಲ. ಆಮೇಲೆ ಕೆಳತುಟಿಯ ಮೇಲೆ ಏನೋ ಅಂಟಿರುವುದು ಗೊತ್ತಾಯಿತು. ಉಂಡು ಎದ್ದವನು ಬಾಯಿ ಸರಿಯಾಗಿ ತೊಳೆದುಕೊಂಡಿರಲಿಲ್ಲ. ಹಗ್ಗದವ್ವನ ಮನೆಯ ಒಂದು ಅಗುಳು ಅಲ್ಲಿ ಉಳಿದಿತ್ತು.

ಅದು ಯಾವ ಮನೆಯ ಅಗುಳೆಂದು ಯಾರೂ ಕೇಳಲಿಲ್ಲ. ಅಗುಳಿತ್ತು, ಜನ ಕಿವಿಗೊಟ್ಟು ನಿಂತಿದ್ದರು. ಹಿಂದೆ ಬಾಗಿಲಿನಲ್ಲಿ ಹಗ್ಗದವ್ವ ಎಂಜಲು ತಟ್ಟೆ ಹಿಡಿದುಕೊಂಡು ನಿಂತಿದ್ದಳು. ಅವಳೂ ಅಗುಳು ನೋಡಿದ್ದಳು. ತಟ್ಟೆ ಅವಳ ಕೈಯಲ್ಲಿ ಸ್ವಲ್ಪ ವಾಲಿತು. ಬೋರಲಾಗಲು ಒಂದು ಮಾತು ಸಾಕಾಗಿತ್ತು. ಆ ಮಾತು ಅವನಿಗೆ ಗೊತ್ತಿತ್ತು. ಅದನ್ನು ಹೇಳಿದರೆ ಬಾವಿಯ ಮುಳ್ಳನ್ನು ಯಾರೂ ತೆಗೆಯುತ್ತಿರಲಿಲ್ಲ, ಮೇಲಿನ ಬೀದಿಯ ಮಕ್ಕಳಿಗೆ ಏನೂ ಆಗುತ್ತಿರಲಿಲ್ಲ. ಅಡ್ಡಿಯೆಂಬುದು ಯಾವ ಕಡೆಯಿಂದಲೂ ಇರಲಿಲ್ಲ. ಇಂಥ ಹೊತ್ತು ಅವನ ಅಪ್ಪನಿಗೆ ಬಂದಿರಲಿಲ್ಲ, ಅಜ್ಜನಿಗೂ ಬಂದಿರಲಿಲ್ಲ.

ಅವನು ತಮಟೆಯ ಕಡ್ಡಿ ಎತ್ತಿದ. ಜನ ಕಾದರು. ಏನು ಸಾರಬೇಕೆಂದು ಹೇಳಲು ಕಂಬಕ್ಕೊರಗಿ ಅಲ್ಲಿ ಯಾರೂ ನಿಂತಿರಲಿಲ್ಲ. ಅವನು ಆಚೆ ನೋಡಿದ, ಈಚೆ ನೋಡಿದ. ನಾಲಿಗೆ ಮೆಲ್ಲಗೆ ಹೊರಗೆ ಬಂದು ಅಗುಳನ್ನು ಒಳಗೆಳೆದುಕೊಂಡಿತು. ಅವನು ನುಂಗಿದ.

ತುಟಿ ಖಾಲಿಯಾಯಿತು. ಜನ ನೋಡಿದರು, ಬುಟ್ಟಿ ಸರಿಮಾಡಿಕೊಂಡು ಹೊಳೆಯ ಕಡೆ ನಡೆದರು. ಅವನು ಮನೆಯ ಕಡೆ ನಡೆದ.

ನಾಳೆ ಮಧ್ಯಾಹ್ನಕ್ಕೆ ಬೇಕಲ್ಲ ಎಂದು ಹಗ್ಗದವ್ವ ತಟ್ಟೆ ತೊಳೆಯಲು ಒಳಗೆ ಹೋದಳು.